ಎರಡೂ ಮನೆಯ ನೀರು

ಹಾವೇರಿಯ ಆ ಸಭೆಗೆ ನನ್ನನ್ನು ಕರೆದದ್ದು ಆರತಿ ಎತ್ತಲಿಕ್ಕೆ, ಮಾತಾಡಲಿಕ್ಕಲ್ಲ. ಆದರೆ ನಾನು ಮಾತಾಡಿದೆ. ಅದಕ್ಕಾಗಿ ಗಂಡನ ಮಾಲಕರು ಮುಖ ಗಂಟು ಹಾಕಿಕೊಂಡರು. ನಮ್ಮ ಓಣಿಯಲ್ಲೇ ಕೆಲವರು ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದರು. ಕಡೆಗೆ ಯಾರ ಸಲುವಾಗಿ ಬಾಯಿ ತೆರೆದಿದ್ದೆನೋ ಆ ನನ್ನ ತಮ್ಮನೇ ನನ್ನ ಮೇಲೆ ಸಿಟ್ಟಾದ. ಇಷ್ಟೆಲ್ಲ ಆದ ಮೇಲೂ ಅವತ್ತು ಆಡಿದ್ದರಲ್ಲಿ ಒಂದು ಮಾತನ್ನೂ ವಾಪಸು ತೆಗೆದುಕೊಳ್ಳುವ ಮನಸ್ಸು ನನಗಿಲ್ಲ. ಮೊಣಕಾಲು ಹಿಡಿದಿವೆ, ಕಣ್ಣಿಗೆ ಪೊರೆ ಬಂದಿದೆ, ನಾಲಿಗೆಯೊಂದು ನೆಟ್ಟಗೆ ಉಳಿದಿದೆ. ಶಿವ ಉಳಿಸಿಕೊಟ್ಟದ್ದನ್ನು ಬಳಸದೆ ಇಡುವುದು ನನಗೆ ಗೊತ್ತಿಲ್ಲ.

ನಾನು ಗುತ್ತಲದ ಕಡೆಯ ಹಳ್ಳಿಯವಳು. ಲಗ್ನವಾಗಿ ಬ್ಯಾಡಗಿಗೆ ಬರುವಾಗ ಒಬ್ಬಳೇ ಬರಲಿಲ್ಲ. ತಾಯಿ ತೀರಿಹೋಗಿ ನನ್ನ ಕೈಯಲ್ಲೇ ಬೆಳೆಯುತ್ತಿದ್ದ ತಮ್ಮನೂ ನನ್ನ ಸೆರಗು ಹಿಡಿದುಕೊಂಡು ಬಂದ. ಬೇರೆ ಮನೆಯವರಾಗಿದ್ದರೆ ಏನೆನ್ನುತ್ತಿದ್ದರೋ. ನಮ್ಮ ಅತ್ತೆ ಅವನ ತಲೆಯ ಮೇಲೆ ಕೈಯಿಟ್ಟು, “ಸೊಸಿ ಬೇಡಿದ್ವಿ, ದೇವರು ಮ್ಯಾಲೊಂದು ಮಗನ್ನ ಕೊಸರು ಹಾಕ್ಯಾನ ನೋಡ್ರಿ,” ಎಂದು ನಕ್ಕರು. ಪೇಟೆಯಲ್ಲಿ ತೂಕ ಮುಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಾರಲ್ಲ, ಆ ಕೊಸರು. ದೇವರ ದಯೆಯನ್ನು ನಾನು ಅಂದಿನಿಂದ ಹಾಗೆಯೇ ನೋಡುತ್ತ ಬಂದಿದ್ದೇನೆ. ಅದು ಎಂದೂ ಚೀಲಗಟ್ಟಲೆ ಬರಲಿಲ್ಲ, ಹಿಡಿ ಹಿಡಿಯಾಗಿ ಬಂತು. ಆದರೆ ತಪ್ಪಲಿಲ್ಲ.

ನನ್ನ ಗಂಡ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ತೂಕದ ಕೆಲಸಕ್ಕಿದ್ದರು. ಸುಗ್ಗಿ ಬಂತೆಂದರೆ ನಮ್ಮ ಊರಿಗೆ ಊರೇ ಕೆಂಪು. ಮನೆಯ ಮುಂದಿನ ಬಯಲಿನಲ್ಲಿ, ಮಾಳಿಗೆಯ ಮೇಲೆ, ರಸ್ತೆಯ ಬದಿಗೆ, ಎಲ್ಲಿ ಬಿಸಿಲು ಬೀಳುತ್ತದೋ ಅಲ್ಲೆಲ್ಲ ಮೆಣಸಿನಕಾಯಿ. ಬ್ಯಾಡಗಿಗೆ ಹೊಸದಾಗಿ ಬಂದವರು ರೈಲಿನಿಂದ ಇಳಿದ ಕೂಡಲೇ ಸೀನುತ್ತಾರೆ. ನಾವು ಅವರನ್ನು ನೋಡಿ ನಗುತ್ತೇವೆ. ತಮ್ಮ ರಾಣೇಬೆನ್ನೂರಿನ ಕಾಲೇಜಿಗೆ ಅದೇ ರೈಲಿನಲ್ಲಿ ಹೋಗಿ ಬರುತ್ತಿದ್ದ. ಓದು ಅವನಿಗೆ ಹತ್ತಲಿಲ್ಲ. ಒಂದು ದಿನ ಅರ್ಧಕ್ಕೇ ಬಿಟ್ಟು ಮಿಲಿಟರಿ ಸೇರಿದ. ನಾನು ಅಳಲಿಲ್ಲ. ಗಡಿ ಕಾಯುವುದು ಪುಣ್ಯದ ಕೆಲಸವೆಂದು ಆಗಲೂ ನಂಬಿದ್ದೆ, ಈಗಲೂ ನಂಬಿದ್ದೇನೆ.

ನಮ್ಮ ಓಣಿಯಲ್ಲಿ ಜಗಳ ಬಿಡಿಸುವವರು ಅತ್ತೆ. ಪಂಚರು, ಪೊಲೀಸರು ಎಲ್ಲ ಆಮೇಲೆ. ಅವರು ಜಗಳದ ಮನೆಗೆ ಹೋಗುವ ರೀತಿಯೇ ಬೇರೆಯಾಗಿತ್ತು. ಕೈಯಲ್ಲಿ ಏನೂ ಇರಕೂಡದು. ಕಸ ಹೊಡೆಯುತ್ತಿದ್ದರೆ ಪೊರಕೆ ಕೆಳಗಿಡುತ್ತಿದ್ದರು, ರೊಟ್ಟಿ ಬಡಿಯುತ್ತಿದ್ದರೆ ಕೈ ತೊಳೆದು ಹೋಗುತ್ತಿದ್ದರು. ಎರಡೂ ಬಾಗಿಲುಗಳ ನಡುವೆ ನೆಲದ ಮೇಲೆ ಕುಳಿತು ಮೊದಲು ಒಂದು ಮನೆಯ ನೀರು ಬೇಡಿ ಕುಡಿಯುವುದು. ಆಮೇಲೆ ಇನ್ನೊಂದು ಮನೆಯ ನೀರು. ಎರಡೂ ಹೊಟ್ಟೆಗೆ ಹೋದ ಮೇಲೆಯೇ ಬಾಯಿ ತೆರೆಯುವುದು. ಒಂದು ಮನೆಯವರು ನೀರು ಕೊಡದಿದ್ದರೆ ಎದ್ದು ಬಂದುಬಿಡುತ್ತಿದ್ದರು. “ನನಗ ನೀರು ಕೊಡಲಾರದವರು ನನ್ನ ಮಾತು ಎಲ್ಲಿ ಕೇಳ್ತಾರ? ಅವರು ಕರೆಯೂ ತನಕ ನಂದೇನೂ ಕೆಲಸಿಲ್ಲ ಅಲ್ಲೆ.” ಪಕ್ಕದ ಮನೆಯ ಮುಸ್ಲಿಮರ ಹೆಣ್ಣುಮಗಳು, ನಾನು ಭಾಬಿ ಎನ್ನುತ್ತಿದ್ದೆ, ಅವಳ ಮನೆಯ ಬಾಗಿಲಲ್ಲಿ ಒಮ್ಮೆ ತಕರಾರಾದಾಗಲೂ ಅತ್ತೆ ಅವಳ ಮನೆಯ ನೀರನ್ನು ಗಟಗಟನೆ ಕುಡಿದಿದ್ದರು. ಮಡಿವಂತ ಮುದುಕಿಯರು ಮೂಗು ಮುರಿದಾಗ, “ನೀರಿಗೆ ಯಾವ ಜಾತಿ ಹಚ್ಚಿರೆವ್ವಾ, ಬಾವಿ ಒಂದ ಐತಲ್ಲ,” ಎಂದು ಬಾಯಿ ಮುಚ್ಚಿಸಿದ್ದರು.

ಎಂಬತ್ತೇಳರಲ್ಲಿ ನಮ್ಮ ಸೈನ್ಯ ಶ್ರೀಲಂಕೆಗೆ ಹೋಯಿತಲ್ಲ, ಅದರ ಮೊದಲಿನ ಸುಗ್ಗಿಯಲ್ಲಿ ತಮ್ಮ ರಜೆಯ ಮೇಲೆ ಬಂದಿದ್ದ. ನಮ್ಮ ಎದುರಿಗೆ ದಾಯಾದಿಗಳ ಎರಡು ಮನೆ. ನಡುವಿನ ಬಯಲಿನಲ್ಲಿ ಯಾರ ಮೆಣಸಿನಕಾಯಿ ಎಲ್ಲಿಯವರೆಗೆ ಹರವಬೇಕೆಂದು ಅವರಿಗೆ ಪ್ರತಿವರ್ಷದ ಜಗಳ. ಅವತ್ತು ಕೈ ಕೈ ಹತ್ತಿತು. ಅತ್ತೆ ಈಶ್ವರ ಗುಡಿಗೆ ಹೋಗಿದ್ದರು. ಆಗಷ್ಟೇ ಪೇಟೆಯಿಂದ ಬಂದ ನನ್ನ ಗಂಡ, “ಏ ಬಿಡ್ರಲೇ! ಶಾಂತ ಆಗ್ರಿ!” ಎಂದು ಕೂಗುತ್ತ ನಡುವೆ ನುಗ್ಗಿದರು. ಕೈಯಲ್ಲಿ ಚೀಲ ಎಳೆಯುವ ಕಬ್ಬಿಣದ ಕೊಕ್ಕೆ ಇನ್ನೂ ಹಾಗೆಯೇ ಇತ್ತು. ಅವರಿಗದು ಮರೆತೇ ಹೋಗಿತ್ತು. ಆದರೆ ನೋಡುವವರ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಅಲ್ಲಿಯವರೆಗೆ ಒಬ್ಬರ ಅಂಗಿ ಒಬ್ಬರು ಹಿಡಿದಿದ್ದ ದಾಯಾದಿಗಳಿಬ್ಬರೂ ಅದನ್ನು ಕಂಡದ್ದೇ ಒಂದಾಗಿಬಿಟ್ಟರು. “ನಮಗ ಕೊಕ್ಕಿ ತೋರಸ್ತೀಯೇನಲೇ?” ಎಂದು ಇಬ್ಬರೂ ಸೇರಿ ಇವರನ್ನು ಎತ್ತಿ ಮೆಣಸಿನಕಾಯಿ ರಾಶಿಗೆ ಕೆಡವಿದರು. ಒಣಗಿದ ಕಾಯಿ ಬೀಜ ಸಮೇತ ಕಣ್ಣು ಮೂಗಿನಲ್ಲಿ ಹೊಕ್ಕಿತು.

ತಮ್ಮನೇ ಅವರನ್ನು ಎತ್ತಿ ತಂದು ಮಜ್ಜಿಗೆಯಿಂದ ಕಣ್ಣು ತೊಳೆದ. ತೊಳೆಯುತ್ತ ನಗು ತಡೆಯಲಾರದೆ, “ಮಾವಾ, ಮಿಲಿಟರ್‍ಯಾಗ ನಾ ಇಷ್ಟು ವರ್ಷ ಅದೇನಿ, ಇಂಥಾ ಲಡಾಯಿ ನೋಡಿದ್ದಿಲ್ಲ,” ಎಂದ.

ಗುಡಿಯಿಂದ ಬಂದ ಅತ್ತೆ ಮಗನ ಮುಖ ನೋಡಿದರು, ಬಾಗಿಲಲ್ಲಿ ಬಿದ್ದಿದ್ದ ಕೊಕ್ಕೆ ನೋಡಿದರು. “ಕೈಯಾಗ ಇದನ್ನ ಹಿಡಕೊಂಡು ಶಾಂತಿ ಮಾಡಾಕ ಹೋಗಿದ್ದ್ಯಾ? ಛಲೋ ಆತು ಬಿಡು. ಅವರಿಬ್ಬರರ ಒಂದಾದ್ರಲ್ಲ!”

ಓಣಿ ಆ ಸುಗ್ಗಿಯೆಲ್ಲ ಇದನ್ನೇ ಹೇಳಿಕೊಂಡು ನಕ್ಕಿತು. ನಾನೂ ನಕ್ಕೆ.

ಅದೇ ವರ್ಷದ ಶ್ರಾವಣದ ಸುಮಾರಿಗೆ ನಮ್ಮ ಸೈನ್ಯ ಲಂಕೆಗೆ ಇಳಿಯಿತು. ಭಾಬಿಯ ಗಂಡ ಟೇಲರ್. ಹೊಲಿಗೆ ಮಷಿನಿನ ಪಕ್ಕದಲ್ಲಿ ಅವನ ರೇಡಿಯೋ ಸದಾ ಹಾಡುತ್ತಿತ್ತು. ವಾರ್ತೆ ಕೇಳಿ ಭಾಬಿ ಗೋಡೆಯಾಚೆಯಿಂದ ಕೂಗಿದಳು, “ಅಕ್ಕಾ, ನಮ್ಮ ಫೌಜು ಲಂಕಾಕ್ಕ ಹೋಗೈತೆಂತ. ನಿನ್ನ ತಮ್ಮನ ಮಂದೀನೂ ಐತೇನು ನೋಡು.” ಇತ್ತು. ತಮ್ಮನ ಕಾಗದ ನಾಲ್ಕು ಸಾಲಿನದು: ಹೋಗುತ್ತಿದ್ದೇವೆ, ಲಡಾಯಿಗಲ್ಲ, ಶಾಂತಿ ಕಾಯಲಿಕ್ಕೆ, ಚಿಂತೆ ಮಾಡಬೇಡ.

ಪುರಾಣ ಕೇಳಿ ಬೆಳೆದ ಓಣಿಯ ಹೆಂಗಸರಿಗೆ ಲಂಕೆಯೆಂದರೆ ಒಂದೇ ಚಿತ್ರ. ಅಲ್ಲಿಗೆ ಹೋದವರು ಗೆದ್ದೇ ಬರುತ್ತಾರೆ ಎಂದು ನನಗೆ ಸಮಾಧಾನ ಹೇಳಿದರು. ಅತ್ತೆ ಮಾತ್ರ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು ಕೇಳಿದರು.

“ಯಾರ ಜಗಳಂತ ಅದು?”

“ಅಲ್ಲಿ ಸರಕಾರಕ್ಕೂ ತಮಿಳರಿಗೂ ಅಂತ್ರಿ. ಡಿಲ್ಲಿಯವರು ಲಂಕಾ ಸರಕಾರದ ಜೋಡಿ ಕೂತು ಸಹಿ ಮಾಡ್ಯಾರಂತ.”

“ಇನ್ನೊಂದು ಮನಿಯವರು?”

“ಅವರೂ ಹೂಂ ಅಂದಾರಂತ್ರಿ. ಮನಸ್ಸಿಲ್ಲದ ಮನಸ್ಸಿನ್ಯಾಗ.”

“ಕೈಯಾಗ ಏನ ಹಿಡಕೊಂಡು ಹೋಗ್ಯಾರ ನಮ್ಮ ಹುಡುಗರು?”

ಅತ್ತೆ ಮತ್ತೆ ಮೊರ ಎತ್ತಿಕೊಂಡರು. ಆದರೆ ಅವತ್ತಿನ ಅಕ್ಕಿಯಲ್ಲಿ ಕಲ್ಲು ಉಳಿದಿದ್ದವು.

ದಸರೆ ಮುಗಿಯುವ ಹೊತ್ತಿಗೆ ಅತ್ತೆ ಹೆದರಿದ್ದೇ ಆಯಿತು. ಯಾರಿಗೆ ಕಾವಲೆಂದು ಹೋಗಿದ್ದರೋ ಆ ತಮಿಳರ ಬಂದೂಕಿನ ಹುಡುಗರಿಗೂ ನಮ್ಮವರಿಗೂ ಹತ್ತಿಕೊಂಡಿತು. ಇತ್ತ ಆ ಸರಕಾರದ ಕಡೆಯ ಜನರಿಗೂ ನಮ್ಮವರು ಬೇಡವಾದರಂತೆ. ರೇಡಿಯೋದವನು ಸತ್ತವರ ಸುದ್ದಿ ಹೇಳುವಾಗ ಭಾಬಿ ಧ್ವನಿ ಸಣ್ಣದು ಮಾಡುತ್ತಿದ್ದಳು. ಸಣ್ಣದಾದ ಕೂಡಲೇ ನನಗೆ ಗೊತ್ತಾಗುತ್ತಿತ್ತು. ಸೋಮವಾರ ಒಪ್ಪತ್ತು ಮಾಡುತ್ತಿದ್ದವಳು ಗುರುವಾರವನ್ನೂ ಹಿಡಿದೆ. ಬೆಳಗಿನ ಲಿಂಗಪೂಜೆಯಲ್ಲಿ ಬೇಡುತ್ತಿದ್ದದ್ದು ಇಷ್ಟೇ: ತಂದೆ, ಪೂರ್ತಿ ಕೊಡದಿದ್ದರೆ ಬೇಡ, ಉಳಿದಷ್ಟನ್ನಾದರೂ ಕಳಿಸು.

ಮೆಣಸಿನಕಾಯಿ ಮತ್ತೆ ಬಯಲಿಗೆ ಬಿದ್ದ ಕಾಲಕ್ಕೆ ಮಾಸ್ತರರು ನಮ್ಮ ಮನೆಗೆ ಬಂದರು. ನಿವೃತ್ತ ಹೈಸ್ಕೂಲು ಮಾಸ್ತರರು, ತಮ್ಮನಿಗೆ ಕಲಿಸಿದವರು, ಒಳ್ಳೆಯ ಮನುಷ್ಯರು. ಹಾವೇರಿಯಲ್ಲಿ ಒಂದು ಸಭೆ ಮಾಡುತ್ತಿದ್ದರು. ಲಂಕೆಗೆ ಹೋದ ಸಿಪಾಯಿಗಳ ಮನೆಯವರಿಗೆ ಮರ್ಯಾದೆ, ಆಮೇಲೆ ಸೈನ್ಯ ಕಳಿಸಿದ್ದು ಸರಿ ಎಂದು ಸಭೆಯ ಒಕ್ಕೊರಲಿನ ಘೋಷಣೆ.

“ನೀ ಬಂದು ಸಿಪಾಯಿಗಳ ಭಾವಚಿತ್ರಕ್ಕ ಆರತಿ ಎತ್ತವ್ವ. ಅಕ್ಕ ಅಂದ್ರ ತಾಯಿ ಸಮಾನ. ನಾಲ್ಕು ಮಂದಿಗೆ ಹುರುಪು ಬರತೈತಿ.”

“ಆರತಿ ಎತ್ತತೀನ್ರಿ ಸರ. ಆದ್ರ ಕಳಿಸಿದ್ದು ಬರೋಬರಿ ಅಂತ ನಾ ಅನ್ನೂದಿಲ್ರಿ.”

“ನೀ ಏನೂ ಅನ್ನೂದು ಬ್ಯಾಡ. ಸುಮ್ಮನ ನಿಂದ್ರು. ಮಾತಾಡಾಕ ನಾವು ಅದೇವಲ್ಲ.”

ಈ ಕಡೆಯ ಮಾತು ನನಗೆ ಎಲ್ಲೋ ಚುಚ್ಚಿತು. ಹೋಗುವುದು ಬೇಡವೆಂದುಕೊಂಡೆ. ಅತ್ತೆಯೇ, “ಹೋಗು. ಹುಡುಗನ ಹೆಸರಿಲೆ ಕರದಾರ. ಕರದಲ್ಲಿ ಹೋಗಬೇಕು. ಹೋದಮ್ಯಾಲೆ ನಿನ್ನ ಬಾಯಿ ನಿಂದು,” ಎಂದರು. ಭಾಬಿ ಜೊತೆಗೆ ಹೊರಟಳು. ರೈಲಿನಲ್ಲಿ ಕುಳಿತಾಗ, “ಅಕ್ಕಾ, ಮೈಕ್ ಮುಂದ ಬಾಯಿ ಒಣಗತೈತೆಂತ, ಈ ಲವಂಗ ಇಟ್ಕೋ,” ಎಂದು ಎರಡು ಲವಂಗ ಕೊಟ್ಟಳು. “ನಾ ಎಲ್ಲಿ ಮಾತಾಡಾಕ ಹೊಂಟೇನಿ?” ಎಂದೆ. “ನಿನ್ನ ಮಾರಿ ನೋಡಿದ್ರ ಗೊತ್ತಾಗತೈತಿ ನನಗ,” ಎಂದು ಕಿಟಕಿಯ ಹೊರಗೆ ನೋಡಿದಳು.

ಹಾವೇರಿ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ಆದರೂ ಸಭೆಗೆ ಬಹಳ ಜನ ಸೇರಿದ್ದರು. ಸಿಪಾಯಿಗಳ ಮನೆಯವರನ್ನು ಒಂದು ಸಾಲಿನಲ್ಲಿ ಕೂಡಿಸಿ ಕೊರಳಿಗೆ ಏಲಕ್ಕಿ ಹಾರ ಹಾಕಿದರು. ಹಾವೇರಿಯ ಏಲಕ್ಕಿ ಹಾರ ಮಂತ್ರಿಗಳ ಕೊರಳಿಗೆ ಬೀಳುವುದನ್ನು ಪೇಪರಿನಲ್ಲಿ ನೋಡಿದ್ದೆ. ನನ್ನ ಕೊರಳಿಗೆ ಬಿದ್ದಾಗ ಘಮ್ಮೆಂದು ಮದುವೆ ಮನೆಯ ನೆನಪಾಯಿತು. ಹುಗ್ಗಿಯ ನೆನಪಾಯಿತು. ಗೋಧಿ ಹುಗ್ಗಿಯೆಂದರೆ ತಮ್ಮನಿಗೆ ಜೀವ. ಇದನ್ನು ಹೀಗೇ ಇಟ್ಟು ಅವನು ಬಂದಾಗ ಹುಗ್ಗಿಗೆ ಹಾಕಬೇಕು ಎಂದುಕೊಂಡೆ.

ನಾನು ಆರತಿ ಎತ್ತಿದೆ. ಮಾಸ್ತರರು ಚೆಂದ ಮಾತಾಡಿದರು. ನೆರೆಮನೆಯಲ್ಲಿ ಹೆಣ್ಣುಮಕ್ಕಳು ಕೂಗುವಾಗ ನಮ್ಮ ಮನೆಯ ಬಾಗಿಲು ಹಾಕಿಕೊಂಡು ಮಲಗುವುದು ಗಂಡಸುತನವೇ ಎಂದು ಕೇಳಿದರು. ಜನ ಚಪ್ಪಾಳೆ ತಟ್ಟಿದರು. ಆಮೇಲೆ, ಸೈನ್ಯ ಕಳಿಸಿದ್ದಕ್ಕೆ ಈ ತಾಯಂದಿರೆಲ್ಲರ ಆಶೀರ್ವಾದವಿದೆ ಎಂದುಬಿಟ್ಟರು. ನನ್ನ ಆಶೀರ್ವಾದವನ್ನು ನನ್ನನ್ನು ಕೇಳದೆ ಕೊಟ್ಟುಬಿಟ್ಟರಲ್ಲ! ಆರತಿ ತಟ್ಟೆ ಮೇಜಿನ ಮೇಲಿಟ್ಟು ಮೈಕಿನ ಹತ್ತಿರ ಹೋದೆ. ಮಾಸ್ತರರು ನಾನು ಜೈಕಾರ ಹಾಕುತ್ತೇನೆಂದು ತಿಳಿದು ದಾರಿ ಬಿಟ್ಟರು.

“ನನಗ ಭಾಷಣ ಬರೂದಿಲ್ರಿ,” ಎಂದೆ. “ನನ್ನ ತಮ್ಮ ಲಂಕಾದಾಗ ಅದಾನ. ಅವನಿಗೆ ನನ್ನ ಆಶೀರ್ವಾದ ಐತ್ರಿ. ಕಳಿಸಿದವರಿಗೆ ಇಲ್ಲ.”

ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ.

“ನಮ್ಮ ಓಣ್ಯಾಗ ಜಗಳಾದ್ರ ನಮ್ಮ ಅತ್ತಿ ಬಿಡಸಾಕ ಹೋಗ್ತಾರ್ರಿ. ಬರಿಗೈಲೆ ಹೋಗ್ತಾರ. ಮೊದಲ ಎರಡೂ ಮನಿ ನೀರು ಕುಡೀತಾರ, ಆಮ್ಯಾಲೆ ಮಾತು. ಒಂದು ಮನಿಯವರು ನೀರು ಕೊಡಲಿಲ್ಲಂದ್ರ ಎದ್ದು ಬರ್ತಾರ. ಡಿಲ್ಲಿಯಾಗ ಇರೂ ಶಾಣ್ಯಾರು ನಮ್ಮ ಹುಡುಗರನ್ನ ಕಳಿಸೂ ಮುಂಚೆ ಎರಡೂ ಮನಿ ನೀರು ಕುಡದಿದ್ರೇನ್ರಿ? ಒಂದು ಮನ್ಯಾಗ ಸಹಿ ಮಾಡಿದ್ರು. ಇನ್ನೊಂದು ಮನಿಯವರ ಬಂದೂಕು ಕಸಗೊಳ್ಳಾಕ ನನ್ನ ತಮ್ಮನ ಕೈಯಾಗ ಬಂದೂಕು ಕೊಟ್ರು. ಈಗ ಎರಡೂ ಮನಿಯವರು ಬಾಗಲಾ ಹಾಕ್ಯಾರ. ನಮ್ಮ ಹುಡುಗರು ನಡುವ ಅಂಗಳದಾಗ ಸಾಯಾಕತ್ತಾರ. ನಮ್ಮ ಗಡಿ ಕಾಯೂ ಮುಂದ ಅವಗ ಏನರ ಆದ್ರ ನಾ ಎದಿ ಗಟ್ಟಿ ಮಾಡ್ಕೋತೀನಿ. ಮಂದಿ ಅಂಗಳದಾಗ ಸತ್ರ, ಯಾಕ ಸತ್ತ ಅಂತ ನಮ್ಮ ಅತ್ತಿಗೆ ನಾ ಏನ ಹೇಳ್ಲಿ? ಇಲ್ಲಿ ಕೂತ ಹಿರ್‍ಯಾರು ಯಾರರ ಹೇಳ್ರಿ.”

ಹಿಂದಿನಿಂದ ಯಾರೋ, “ಕೂಡವ್ವಾ ಸಾಕು, ಅಡಗಿಮನಿ ಮಾತು ಇಲ್ಯಾಕ?” ಎಂದರು.

“ಅಡಗಿಮನಿಯಿಂದನ ನಿಮ್ಮ ಸಿಪಾಯಿ ಬಂದಾನ್ರಿ,” ಎಂದೆ. “ಉಣಿಸಿ ಬೆಳಿಸಿದಾಕಿ ಕೇಳಬಾರದೇನು?”

ಮಾಸ್ತರರು ಮೈಕು ತೆಗೆದುಕೊಂಡರು. ಸಿಟ್ಟಿಗೇಳಲಿಲ್ಲ. “ತಂಗೀ, ಬಾಜೂ ಮನಿಗೆ ಬೆಂಕಿ ಬಿದ್ರ ಕರೀಲಿ ಅಂತ ಕಾಯ್ತೀಯೇನು?”

“ಇಲ್ರಿ. ಕೊಡ ತಗೊಂಡು ಓಡತೀನಿ. ನಾವು ನಮ್ಮ ಹುಡುಗರ ಕೈಯಾಗ ಕೊಡ ಕೊಟ್ಟು ಕಳಿಸಿಲ್ರಿ ಸರ.”

“ಬೆಂಕಿ ಹಚ್ಚಾಂವ ಅಲ್ಲೇ ನಿಂತಿದ್ರ?”

ಇದಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಇಂದಿಗೂ ಪೂರ್ತಿ ಹೊಳೆದಿಲ್ಲ. ಅಲ್ಲಿಯ ಹೆಣ್ಣುಮಕ್ಕಳ ಕೂಗು ಸುಳ್ಳೆಂದು ನಾನು ಎಂದೂ ಹೇಳಿಲ್ಲ. ಆದರೆ ಉತ್ತರ ಹೊಳೆಯದ ಪ್ರಶ್ನೆಗೆ ಬೇರೆಯವರ ಮಕ್ಕಳನ್ನು ಉತ್ತರವಾಗಿ ಕಳಿಸುವ ಹಕ್ಕು ಯಾರಿಗಿದೆ? ಅದನ್ನು ಅವತ್ತು ಹೀಗೆ ಹೇಳಲು ಬರಲಿಲ್ಲ. ವೇದಿಕೆ ಇಳಿದು ಬಂದೆ. ಮೊದಲ ಸಾಲಿನಲ್ಲಿ ಹೊಸರಿತ್ತಿ ಕಡೆಯ ಖಾದಿಯ ಹಿರಿಯರೊಬ್ಬರಿದ್ದರು, ಅವರ ಮಗನೂ ನನ್ನ ತಮ್ಮನ ಜೊತೆಗೇ ಇದ್ದ. ಅವರು ನನ್ನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ತಮ್ಮ ಕೊರಳಿನ ಹಾರ ತೆಗೆದು ಮಡಿಚಿ ಕಿಸೆಯಲ್ಲಿಟ್ಟುಕೊಂಡರು.

ಮರಳುವಾಗ ಭಾಬಿ ಕೇಳಿದಳು, “ಲವಂಗ ಉಪಯೋಗಕ್ಕ ಬಂತಿಲ್ಲೋ?” ಬಾಯಲ್ಲಿಟ್ಟದ್ದೇ ಮರೆತಿದ್ದೆ. ನುಂಗಿಬಿಟ್ಟಿದ್ದೆ.

ಮಾತು ನನಗಿಂತ ಮೊದಲು ಬ್ಯಾಡಗಿ ಮುಟ್ಟಿತ್ತು. ಮರುದಿನ ಮಾಲಕರು ನನ್ನ ಗಂಡನಿಗೆ, “ಏನಪಾ, ನಿನ್ನ ಹೇಣ್ತಿ ದೇಶದ ವಿರುದ್ಧ ಮಾತಾಡ್ಯಾಳಂತ? ಹದ್ದುಬಸ್ತಿನ್ಯಾಗ ಇಟ್ಕೋ,” ಎಂದರಂತೆ. ನನ್ನ ಗಂಡ ಎದುರುತ್ತರ ಕೊಡುವವರಲ್ಲ, ಮಾಲಕರ ಮುಂದೆ ತಲೆಯೆತ್ತಿ ನಿಂತವರೂ ಅಲ್ಲ. ಅವತ್ತು ಮಾತ್ರ, “ಸಾವ್ಕಾರ್ರ, ಕೈಯಾಗ ಕೊಕ್ಕಿ ಹಿಡಕೊಂಡು ಶಾಂತಿ ಮಾಡಾಕ ಹೋದಾಂವ ನಾನು. ಕಣ್ಣು ಉರದಿದ್ದು ನನಗ ಗೊತ್ತೈತ್ರಿ. ಆಕಿ ಹೇಳಿದ್ದು ಖರೇ ಐತಿ,” ಎಂದು ಹೇಳಿ ಮತ್ತೆ ತಕ್ಕಡಿಗೆ ಹೋಗಿ ನಿಂತರಂತೆ. ಕೆಲಸ ಹೋಗಲಿಲ್ಲ. ಮನೆಗೆ ಬಂದು ಇದನ್ನು ನನಗೆ ಹೇಳಿ ಕೈಕಾಲು ತೊಳೆಯಲು ಹೋದರು. ಮದುವೆಯಲ್ಲಿ ತಾಳಿ ಕಟ್ಟಿದ್ದಕ್ಕಿಂತ ಅವತ್ತು ನಾನು ಅವರಿಗೆ ಹೆಚ್ಚು ಹೆಂಡತಿಯಾದೆ. ಇದೂ ಒಂದು ಹಿಡಿ ಕೊಸರು.

ಆದರೆ ಹೊಸರಿತ್ತಿಯ ಹುಡುಗನ ಕಡೆಯಿಂದ ಸುದ್ದಿ ತಮ್ಮನಿಗೂ ಮುಟ್ಟಿತು. “ಅಕ್ಕಾ, ನಾವು ಇಲ್ಲಿ ಸಾಯಾಕತ್ತೇವಿ, ನೀ ಅಲ್ಲಿ ನಾಲ್ಕು ಮಂದ್ಯಾಗ ನಮ್ಮ ಕೆಲಸಕ್ಕ ಅರ್ಥ ಇಲ್ಲ ಅಂದೀ,” ಎಂದು ಬರೆದ. ಆಮೇಲೆ ಕಾಗದವಿಲ್ಲ. ನಾನು ಬರೆದದ್ದಕ್ಕೂ ಉತ್ತರವಿಲ್ಲ. ದಿನಾ ಅಂಚೆಯವನ ಸೈಕಲ್ಲಿನ ಗಂಟೆ ನಮ್ಮ ಬಾಗಿಲು ದಾಟಿ ಮುಂದೆ ಹೋಗುತ್ತಿತ್ತು. ಗುಂಡಿಗೆ ಹೆದರಿದ್ದಕ್ಕಿಂತ ಹೆಚ್ಚು ನಾನು ಈ ಮೌನಕ್ಕೆ ಹೆದರಿದೆ. ಅವನು ಸಿಟ್ಟಿನಲ್ಲೇ ಹೋಗಿಬಿಟ್ಟರೆ? ಏಲಕ್ಕಿ ಹಾರ ದೇವರ ಜಗುಲಿಯ ಮೊಳೆಯಲ್ಲಿ ನೇತಾಡುತ್ತಿತ್ತು. ಅದನ್ನು ನೋಡಿದಾಗಲೆಲ್ಲ, ಆಡಿದ್ದು ತಪ್ಪಾಯಿತೇ ಎಂದು ಲಿಂಗವನ್ನು ಕೈಯಲ್ಲಿ ಹಿಡಿದು ಕೇಳಿಕೊಂಡೆ. ತಪ್ಪೆಂದು ಒಳಗಿನಿಂದ ಒಮ್ಮೆಯೂ ಬರಲಿಲ್ಲ. ಅವನನ್ನು ಕೊಡು ಎಂದಷ್ಟೇ ಬಂತು.

ಕೊಟ್ಟ. ನೆಲದಲ್ಲಿ ಹುಗಿದಿಟ್ಟಿದ್ದ ಮದ್ದು ಅವನ ಪಕ್ಕದಲ್ಲೇ ಸಿಡಿದಿತ್ತು. ಜೊತೆಗಿದ್ದ ಬೇರೆ ಸೀಮೆಯ ಸಿಪಾಯಿ ಹೋದ, ಇವನ ಬಲಗಿವಿ ಹೋಯಿತು. ಆಸ್ಪತ್ರೆಯಲ್ಲಿದ್ದು, ಮರುವರ್ಷದ ಸುಗ್ಗಿಯಲ್ಲಿ ಕಾಯಿಲೆ ರಜೆಯ ಮೇಲೆ ಬ್ಯಾಡಗಿ ಸ್ಟೇಷನ್ನಿನಲ್ಲಿ ಇಳಿದ. ಇಳಿದವನೇ ಸೀನಿದ. ನಮ್ಮ ಹುಡುಗ ನಮ್ಮ ಊರಿನ ಗಾಳಿಗೆ ಸೀನಿದ್ದು ಕಂಡು ನನಗೆ ನಗು ಬರಲಿಲ್ಲ. ಎರಡು ಕಣ್ಣು, ಎರಡು ಕೈ, ಎರಡು ಕಾಲು, ಒಂದು ಕಿವಿ. ದೇವರೇ, ಒಂದನ್ನು ತೆಗೆದುಕೊಂಡು ಉಳಿದದ್ದೆಲ್ಲ ಕಳಿಸಿದ್ದೀಯಲ್ಲ ಎಂದು ಪ್ಲಾಟ್‌ಫಾರ್ಮಿನಲ್ಲೇ ಕೈ ಮುಗಿದೆ.

“ಹುಗ್ಗಿ ಮಾಡ್ಲೇನಪಾ?” ಎಂದು ಮನೆಗೆ ಬಂದ ಕೂಡಲೇ ಕೇಳಿದೆ.

“ಬ್ಯಾಡ. ರೊಟ್ಟಿ ಸಾಕು.”

ಅತ್ತೆಯೊಡನೆ ಮಾತಾಡುತ್ತಿದ್ದ, ನನ್ನ ಗಂಡನೊಡನೆ ಪೇಟೆಗೆ ಹೋಗುತ್ತಿದ್ದ, ಭಾಬಿಯ ಗಂಡನ ಅಂಗಡಿಯಲ್ಲಿ ಕುಳಿತು ಬರುತ್ತಿದ್ದ. ನನಗೆ ಮಾತ್ರ ಕೇಳಿದಷ್ಟಕ್ಕೆ ಉತ್ತರ. ಒಂದು ದಿನ ನಾನೇ ಕೆದಕಿದೆ. “ಸಿಟ್ಟಿದ್ರ ಬೈದು ಬಿಡು. ಹಿಂಗ ಬಾಯಿ ಹೊಲಕೊಂಡು ಕುಂದ್ರಬ್ಯಾಡ.”

“ನನ್ನ ಜೋಡಿದಾರ ಸತ್ತ ಅಕ್ಕಾ. ಅವ ಯಾಕ ಸತ್ತ ಅಂತ ನೀ ಮೈಕಿನ್ಯಾಗ ಕೇಳಿದಿ.”

“ಅವನ್ನ ಕೇಳಿಲ್ಲೋ. ಕಳಿಸಿದವರನ್ನ ಕೇಳೇನಿ.”

“ಅಲ್ಲಿ ನಿಂತವಗ ಎರಡೂ ಒಂದ ಕೇಳಸತೈತಿ,” ಎಂದು ಎದ್ದುಹೋದ.

ಅವನು ಹೇಳಿದ್ದರಲ್ಲೂ ಸತ್ಯವಿತ್ತು. ಆದರೂ ಕೇಳಬಾರದಿತ್ತು ಎಂದು ನನಗೆ ಅನಿಸಲಿಲ್ಲ.

ರಜೆ ಮುಗಿಯುವ ಹೊತ್ತಿಗೆ ಎದುರಿನ ದಾಯಾದಿಗಳು ತಮ್ಮ ವಾರ್ಷಿಕ ಜಗಳ ತೆಗೆದರು. ಅತ್ತೆ ನನ್ನ ಜೊತೆ ಕಟ್ಟೆಯ ಮೇಲೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದರು. ಕೈ ತೊಳೆದು, ಎರಡೂ ಅಂಗೈ ಎಲ್ಲರಿಗೂ ಕಾಣುವಂತೆ ಬಿಟ್ಟುಕೊಂಡು ನಿಧಾನಕ್ಕೆ ನಡೆದರು. ಅವರ ಹಿಂದೆ ಹೊರಟ ನನ್ನ ಗಂಡ ನಾಟಕದವರಂತೆ ತಮ್ಮ ಅಂಗೈಗಳನ್ನು ತಮ್ಮನ ಮುಖದ ಮುಂದೆ ಹಿಡಿದು, “ನೋಡ್ಕೋಪಾ, ಕೊಕ್ಕಿ ಇಲ್ಲ,” ಎಂದರು. ತಮ್ಮ ನಕ್ಕ. ಬಂದಮೇಲೆ ಅವನು ನಕ್ಕದ್ದು ಅದೇ ಮೊದಲು. ಅತ್ತೆ ನೆಲದ ಮೇಲೆ ಕುಳಿತು ಒಂದು ಮನೆಯ ತಂಬಿಗೆಯಿಂದ ನೀರು ಕುಡಿದರು, ಕೈ ಚಾಚಿ ಇನ್ನೊಂದು ಮನೆಯ ತಂಬಿಗೆಗಾಗಿ ಕಾದರು. ಆ ಮನೆಯ ಸೊಸೆ ಸ್ವಲ್ಪ ಹೊತ್ತು ತಡೆದು ತಂದುಕೊಟ್ಟಳು.

ಅದನ್ನೇ ನೋಡುತ್ತ ನಿಂತಿದ್ದ ತಮ್ಮನ ಮುಖದ ನಗು ಇಳಿದುಹೋಯಿತು. ಕಟ್ಟೆಯ ಮೇಲೆ ನನ್ನ ಪಕ್ಕಕ್ಕೆ, ಕೇಳುವ ಕಿವಿ ನನ್ನ ಕಡೆ ಬರುವಂತೆ ಕುಳಿತ.

“ಅಲ್ಲಿ ಒಬ್ಬಾಕಿ ಮುದುಕಿ ಇದ್ದಳಕ್ಕಾ. ಥೇಟ್ ಅತ್ತಿ ಹಂಗ. ನಾವು ಹೊಸದಾಗಿ ಇಳದಾಗ ಮಂದಿ ಹೂವು ಹಾಕಿದ್ರು. ಆಕಿ ಮನ್ಯಾಗಿಂದ ನೀರು ತಂದುಕೊಟ್ಟಳು. ಭಾಷಾ ತಿಳೀಲಿಲ್ಲ, ಗಲ್ಲಾ ಹಿಡದು ಏನೋ ಅಂದಳು. ಕಾದಾಟ ಸುರು ಆದಮ್ಯಾಲೆ ಅದ ಓಣ್ಯಾಗ ಮನಿ ಮನಿ ಹುಡುಕಾಕ ಹೋದ್ವಿ. ಅದ ಮನಿ. ನನಗ ನೀರಡಿಕಿ ಆಗಿತ್ತು. ನೀರು ಅಂತ ಸನ್ನಿ ಮಾಡಿದೆ.”

“ಕೊಡಲಿಲ್ಲೇನು?”

“ಕೊಡ ಎತ್ತಿಕೊಂಡು ಬಂದಳು. ನನ್ನ ಮಾರಿ ನೋಡಕೋತ ಪೂರಾ ಕೊಡ ಅಂಗಳದಾಗ ಸುರವಿದಳು. ಆಕಿ ಮಗ ಎಲ್ಲೈದಾನ ಅಂತ ಕೇಳಾಕ ಹೋಗಿದ್ವಿ ನಾವು.”

ನಾನು ತೊಟ್ಟು ಮುರಿಯುವುದನ್ನು ನಿಲ್ಲಿಸಿದೆ. ಎದುರಿನಲ್ಲಿ ಅತ್ತೆ ಏನೋ ಹೇಳುತ್ತಿದ್ದರು, ದಾಯಾದಿಗಳಿಬ್ಬರೂ ತಲೆ ಕೆಳಗೆ ಹಾಕಿದ್ದರು.

“ನೀ ಹೇಳಿದ್ದು ಬರೋಬರಿ ಅಂತ ನಾ ಅನ್ನಾಕತ್ತಿಲ್ಲ,” ಎಂದ ತಮ್ಮ. “ಹುಕುಂ ಬಂದ್ರ ನಾಳೆನೂ ನಾ ಹೋಗಾಂವ.”

“ಹೋಗು. ಅದು ನಿನ್ನ ಕೆಲಸ. ಕೇಳೂದು ನನ್ನ ಕೆಲಸ. ಅದನ್ನ ನಾ ಬಿಡೂದಿಲ್ಲ.”

ನನ್ನ ಮುಂದಿನ ರಾಶಿಯಿಂದ ಒಂದು ಕಾಯಿ ಎತ್ತಿಕೊಂಡು ತೊಟ್ಟು ಮುರಿದ. ಆಮೇಲೆ, “ಹುಗ್ಗಿ ಮಾಡ್ತೀಯೇನು?” ಎಂದ.

ಜಗುಲಿಯ ಮೊಳೆಯಿಂದ ಏಲಕ್ಕಿ ಹಾರ ಇಳಿಸಿದೆ. ವರ್ಷವಿಡೀ ಊದುಬತ್ತಿಯ ಹೊಗೆಯಲ್ಲಿ ನೇತಾಡಿ ಬಣ್ಣ ಹೋಗಿತ್ತು. ಸುಮ್ಮನೆ ನಿಂತಿರು ಎಂದು ನನಗೆ ಹಾಕಿದ ಹಾರ ಅದು. ದಾರ ಹರಿದು, ಒಂದೊಂದಾಗಿ ಸುಲಿದು, ಕಲ್ಲಿನ ಮೇಲೆ ಕುಟ್ಟಿದೆ. ಸಿಪ್ಪೆ ಸತ್ತಿತ್ತು, ಒಳಗಿನ ಕಾಳಿಗೆ ಇನ್ನೂ ಘಮ ಇತ್ತು. ಅವತ್ತು ಹುಗ್ಗಿ ಭಾಬಿಯ ಮನೆಗೂ ಹೋಯಿತು, ಎದುರಿನ ಎರಡೂ ಮನೆಗೂ ಹೋಯಿತು. ತಮ್ಮ ಮೂರು ಸಲ ಹಾಕಿಸಿಕೊಂಡು ಉಂಡ.

ಅವನನ್ನು ಕಳಿಸಲು ಸ್ಟೇಷನ್ನಿಗೆ ಹೋದಾಗ ಬುತ್ತಿ ಕೈಗೆ ಕೊಟ್ಟೆ. ನಮ್ಮ ಕಡೆ ಹೊರಟವರಿಗೆ “ಹೋಗಿ ಬಾ” ಎನ್ನುತ್ತೇವೆ. ನಾನು “ಬಾ” ಎಂದಷ್ಟೇ ಅಂದೆ. ಅವನು ಕಾದ. ಮತ್ತೆ, “ಬಾ ಅಂದೆನಲ್ಲ, ಅಷ್ಟ,” ಎಂದೆ. ತಲೆ ಅಲ್ಲಾಡಿಸಿ ಹತ್ತಿದ. ಕಿವಿಯ ದೆಸೆಯಿಂದ ಅವನನ್ನು ಮತ್ತೆ ಸಮುದ್ರ ದಾಟಿಸಲಿಲ್ಲ, ಈ ಕಡೆಯೇ ಯಾವುದೋ ಉಗ್ರಾಣದ ಕೆಲಸಕ್ಕೆ ಹಾಕಿದರು. ಅದರ ಮುಂದಿನ ವರ್ಷ ಉಳಿದವರೆಲ್ಲ ಮರಳಿ ಬಂದರು. ಅವರು ಹೋಗುವಾಗ ಇದ್ದ ಜಗಳ, ಬರುವಾಗಲೂ ಅಲ್ಲೇ ಇತ್ತು. ಬರದೇ ಉಳಿದವರ ಮನೆಗಳಿಗೆ ಯಾವ ಸಭೆ ಏನು ಹೇಳಿತೋ ನನಗೆ ತಿಳಿಯದು.

ಈಗ ತಮ್ಮ ಪೆನ್ಷನ್ ತೆಗೆದುಕೊಂಡು ಹಾವೇರಿಯಲ್ಲಿ ಸಂಸಾರ ಮಾಡಿಕೊಂಡಿದ್ದಾನೆ. ಹಾವೇರಿ ಈಗ ಜಿಲ್ಲೆಯಾಗಿದೆ. ಅತ್ತೆ ಇಲ್ಲ. ಆಗಾಗ ಟಿವಿಯಲ್ಲಿ ಕೋಟಿನವರು ಕುಳಿತು, ಆ ದೇಶಕ್ಕೆ ನಮ್ಮ ಪಡೆ ಕಳಿಸಬೇಕೋ, ಈ ದೇಶಕ್ಕೆ ಕಳಿಸಬೇಕೋ ಎಂದು ವಾದಿಸುತ್ತಾರೆ. ನಾನು ತಮ್ಮನ ಮನೆಗೆ ಹೋದಾಗ ಅಂಥದ್ದು ಬಂದರೆ ಸುಮ್ಮನಿರುವುದಿಲ್ಲ. “ಎರಡೂ ಮನಿ ನೀರು ಕುಡದಾರೇನು ಕೇಳು ಅವರನ್ನ,” ಎಂದು ಸುರು ಮಾಡುತ್ತೇನೆ. ತಮ್ಮ ನಗುತ್ತ ಕುರ್ಚಿ ತಿರುಗಿಸಿ ತನ್ನ ಕೇಳದ ಕಿವಿಯನ್ನು ನನ್ನ ಕಡೆ ಮಾಡುತ್ತಾನೆ. ಮೊಣಕಾಲು ಹಿಡಿದುಕೊಂಡು ಏಳುತ್ತೇನೆ, ಕುರ್ಚಿಗೆ ಒಂದು ಸುತ್ತು ಹಾಕಿ ಆ ಕಡೆ ಹೋಗಿ ಕುಳಿತು, ಮೊದಲಿನಿಂದ ಹೇಳುತ್ತೇನೆ.